ಕೋಟು ತೊಟ್ಟು ಕೇಳಿದ ಭೀಮಪಲಾಸಿ

ವಿಮಾನದಲ್ಲಿ

ಲಂಡನ್ನಿನಿಂದ ಅಮೆರಿಕದ ಕಡೆಗೆ ವಿಮಾನ ಏರಿದಾಗ ಮಧ್ಯಾಹ್ನವಾಗಿತ್ತು. ಐದು ತಾಸು ಹಾರಿದ ಮೇಲೂ ಮಧ್ಯಾಹ್ನವೇ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಅನಗೋಳದ ನಮ್ಮ ಮನೆಯಲ್ಲಿ ಈ ನಿಯಮಕ್ಕೆ ಗಡಿಯಾರ ಬೇಕಾಗಿರಲಿಲ್ಲ. ಎದುರು ಮನೆಯ ಮಾಳಿಗೆಯ ನೆರಳು ನಮ್ಮ ಬಾಗಿಲಿಗೆ ಬಂತೆಂದರೆ ತಾಟು ಇಡುತ್ತಿದ್ದರು. ಇಲ್ಲಿ ಸೂರ್ಯ ಕಿಟಕಿಯ ಹೊರಗೆ ಅಲುಗಾಡದೆ ಕೂತುಬಿಟ್ಟಿದ್ದ. ತಿನ್ನಲೋ ಬಿಡಲೋ ತಿಳಿಯದೆ ನಾನು ಅವನನ್ನೇ ನೋಡುತ್ತಿದ್ದೆ.

ಪಕ್ಕದಲ್ಲಿದ್ದ ನೀಲಕ್ಕ ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ ಮುಂದೆ ಹಿಡಿದರು. "ಇನ್ನೊಂದು ತಿನ್ನಪಾ ಪದ್ಮಣ್ಣ. ಹೊತ್ತು ಇವತ್ತ ಮುಳುಗೂ ಹಂಗ ಕಾಣವಲ್ದು."

ನೀಲಕ್ಕ ಖಾನಾಪುರ ತಾಲ್ಲೂಕಿನ ಬೀಡಿಯವರು. ವಯಸ್ಸು ಅರವತ್ತು. ಹಿಂದೂಸ್ತಾನಿ ಖ್ಯಾಲ್ ಹಾಡುತ್ತಾರೆ, ಕೊನೆಗೊಂದು ವಚನ ಹಾಡಿ ಮುಗಿಸುತ್ತಾರೆ. ನಾನು ಬೆಳಗಾವಿ ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ ಇಟ್ಟವನು. ಸಂಜೆ ಹೊತ್ತು ಹಾರ್ಮೋನಿಯಂ ಬಾರಿಸುತ್ತೇನೆ. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ. ಹದಿನೆಂಟು ವರ್ಷದಿಂದ ನೀಲಕ್ಕನ ಜೊತೆ ಪೇಟಿಗೆ ಕೂರುವವನು ನಾನೇ. ಊರಿನ ಒಂದು ಸಣ್ಣ ಸಂಗೀತ ಸಂಘಕ್ಕೆ ಕಾರ್ಯದರ್ಶಿಯೂ ನಾನೇ, ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ.

ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದಲ್ಲಿ ನೆಲೆಸಿದ್ದ ಧಾರವಾಡದ ಡಾಕ್ಟರ್ ಕುಲಕರ್ಣಿ ಎಂಬವರು, ಒಳ್ಳೆಯ ತಬಲಾ ಬಾರಿಸುವವರು, ಕಾಗದ ಬರೆದಿದ್ದರು. ಅವರ ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಬಗೆಯ ವಿಭಾಗ ಇದೆಯಂತೆ. ಅಲ್ಲಿ ಹಾಡು ಕಲಿಸುವುದಿಲ್ಲ, ಹಾಡಿನ ವ್ಯವಹಾರ ಕಲಿಸುತ್ತಾರೆ. ಕಛೇರಿ ಏರ್ಪಡಿಸುವುದು, ಕರಾರು ಬರೆಯುವುದು, ರೆಕಾರ್ಡು ತಯಾರಿಸಿ ಮಾರುವುದು, ಎಲ್ಲಕ್ಕೂ ಪುಸ್ತಕವುಂಟು, ಪರೀಕ್ಷೆಯುಂಟು. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನೀಲಕ್ಕನ ಕಛೇರಿಯನ್ನು ಪೂರ್ತಿ ತಾನೇ ನಡೆಸುತ್ತಾಳೆ, ಅದೇ ಅವಳ ಪರೀಕ್ಷೆ ಎಂದು ಬರೆದಿದ್ದರು.

ಬೀಡಿಗೆ ಹೋಗಿ ಆ ಕಾಗದ ಓದಿದಾಗ ನೀಲಕ್ಕ ಕೇಳಿದ್ದರು, "ಹಾಡಾಕ ಕಲಸೂದಿಲ್ಲ?"

"ಇಲ್ರಿ ಅಕ್ಕಾರ. ಹಾಡಸಾಕ ಕಲಸ್ತಾರಂತ."

"ಅದಕ್ಕೂ ಸಾಲಿ ಐತಿ?" ಎಂದು ನಕ್ಕು, ಒಪ್ಪಿಕೊಂಡು, ಒಂದೇ ಒಂದು ಮಾತು ಹೇಳಿದರು: "ಟೇಪ್ ಹಚ್ಚಬಾರ್ದು. ಬರದು ತಿಳಸು."

ಬರೆದು ತಿಳಿಸುತ್ತೇನೆಂದು ತಲೆಯಾಡಿಸಿ ಬಂದೆ. ಬರೆಯಲಿಲ್ಲ. ಬರೆದರೆ ಯಾಕೆಂದು ಡಾಕ್ಟರು ಕೇಳುತ್ತಾರೆ. ಆ 'ಯಾಕೆ'ಗೆ ಉತ್ತರ ಬರೆಯುವ ಧೈರ್ಯ ನನಗಿರಲಿಲ್ಲ.

ಖಾನಾಪುರ ಬಸ್ ಸ್ಟ್ಯಾಂಡು

ಪ್ರವಾಸದ ಕಥೆಯಲ್ಲಿ ಹಿಂದಕ್ಕೆ ಹೋಗುವುದು ಸರಿಯಲ್ಲ, ಆದರೆ ಇದೊಂದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಆರು ವರ್ಷ ಹಿಂದೆ ಬೆಳಗಾವಿಯಲ್ಲಿ ನಮ್ಮ ಸಂಘದ ಕಛೇರಿ ನಡೆದಾಗ ಯಾರೋ ಒಬ್ಬ ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದ. "ನೆನಪಿಗೆ ಇಟ್ಟಕೊಳ್ಳಾಕ ರೀ" ಅಂದ. ನನಗೆ ಚಹಾ ಕುಡಿಸಿದ. ನಾನು ವೇದಿಕೆಯ ಪಕ್ಕದಲ್ಲೇ ಜಾಗ ಮಾಡಿಕೊಟ್ಟೆ. ನೀಲಕ್ಕನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಕೆಲವು ತಿಂಗಳ ನಂತರ ಬೀಡಿಯ ಬಸ್ಸಿಗಾಗಿ ಖಾನಾಪುರ ಸ್ಟ್ಯಾಂಡಿನಲ್ಲಿ ನಿಂತಿದ್ದ ನೀಲಕ್ಕನಿಗೆ ಚಹಾದಂಗಡಿಯಿಂದ ತಮ್ಮದೇ ದನಿ ಕೇಳಿಸಿತು. ಒಳಗೆ ಹೋಗಿ ಕ್ಯಾಸೆಟ್ಟಿನ ಹೊದಿಕೆ ನೋಡಿದರು. ಅದರ ಮೇಲೆ ಯಾವುದೋ ಹರೆಯದ ಹೆಣ್ಣಿನ ಚಿತ್ರವಿತ್ತು. ನೀಲಕ್ಕನ ಹೆಸರು ಎಲ್ಲೂ ಇರಲಿಲ್ಲ. ಮರುದಿನ ನನ್ನ ಅಂಗಡಿಗೆ ಬಂದು ತಕ್ಕಡಿಯ ಪಕ್ಕ ಆ ಕ್ಯಾಸೆಟ್ ಇಟ್ಟು, "ಇದು ಯಾರ ದನಿ ಪದ್ಮಣ್ಣ?" ಎಂದರು.

"ನಿಮ್ದರಿ."

"ಯಾರ ಕೊಟ್ರು ಇದನ್ನ?"

"ಗೊತ್ತಿಲ್ರಿ" ಅಂದೆ.

ಅಂದಿನಿಂದ ಅವರು ಟೇಪಿನ ಮುಂದೆ ಹಾಡಲಿಲ್ಲ. ಇನ್ನೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ಅವರ ತಮ್ಮ ಮಲ್ಲಪ್ಪ ತಂಬೂರಿ ಹೊತ್ತು ಎಲ್ಲ ಊರಿಗೂ ಜೊತೆ ಬರುತ್ತಿದ್ದರು. ಆಮೇಲೆ ಅವರು ಬರುವುದು ನಿಂತಿತು. ಹೊಲದ ಕೆಲಸ ಇರಬೇಕೆಂದುಕೊಂಡೆ.

ಮೊದಲ ದಿನ

ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ತಂಬೂರಿಯನ್ನು ಬಿಟ್ಟು ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಹಿಡಿದುಕೊಂಡ. ಏನೆಂದು ಕೇಳಿದ. ನನಗೆ ಇಂಗ್ಲಿಷ್ ಸಿಗುವಷ್ಟರಲ್ಲಿ ಮೂಸಿ ನೋಡಿ ಏಳು ಸಲ ಸೀನಿದ. ಪ್ರತಿ ಸೀನಿಗೂ ನಮ್ಮ ಬಳಿ ಕ್ಷಮೆ ಕೇಳಿದ. ನಮ್ಮ ಚಟ್ನಿ ಮೂಸಿ ನಮ್ಮದೇ ಕ್ಷಮೆ ಕೇಳುವ ಸರಕಾರಿ ಮನುಷ್ಯನನ್ನು ನೋಡಿ ನೀಲಕ್ಕನಿಗೆ ಆ ದೇಶದ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು.

ಡಾಕ್ಟರ ಮನೆಯಲ್ಲೇ ನಮ್ಮ ವಾಸ್ತವ್ಯ. ಮಾರ್ಚ್ ತಿಂಗಳಾದರೂ ಹೊರಗೆ ಹಿಮ ಬಿದ್ದಿತ್ತು. ಸಂಜೆ ಆ ಹುಡುಗಿ ಬಂದಳು. ಹೆಸರು ಕ್ಯಾರಲ್. ಇಪ್ಪತ್ತೊಂದು ವರ್ಷ, ಅಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಕೈಯಲ್ಲಿ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಉದ್ದನೆಯ ಪಟ್ಟಿ. ಅವಳ ಮಾತನ್ನು ಇಲ್ಲಿ ನಮ್ಮ ಬರವಣಿಗೆಯ ಕನ್ನಡದಲ್ಲೇ ಕೊಡುತ್ತೇನೆ.

"ಇವರ ಮ್ಯಾನೇಜರ್ ಯಾರು?" ಎಂದು ಕೇಳಿದಳು. ಡಾಕ್ಟರು ನನ್ನತ್ತ ಬೆರಳು ತೋರಿಸಿದರು. ನನ್ನ ಜೀವನದಲ್ಲಿ ಮೊದಲ ಸಲ ನಾನು ಮ್ಯಾನೇಜರ್ ಆದೆ.

ವೇದಿಕೆ ಎಷ್ಟು ಎತ್ತರ ಇರಬೇಕು, ಕೂರಲು ಜಮಖಾನೆಯ ಕೆಳಗೆ ಏನು ಹಾಸಬೇಕು, ನೀರು ಬಿಸಿಯೋ ತಣ್ಣಗೋ, ಹಾಡುವಾಗ ಜನ ಎದ್ದು ಹೋದರೆ ಬೇಸರವೇ? ನಮ್ಮ ಸಂಘದಲ್ಲಿ ಇಂಥ ಪ್ರಶ್ನೆಯನ್ನು ಯಾರಿಗೂ ಕೇಳಿದ್ದಿಲ್ಲ. ಮೈಕಿನವನು ಬಂದನೇ ಎಂಬುದೊಂದೇ ನಮ್ಮ ಪಟ್ಟಿ. ಅವನು ಬರುತ್ತಿದ್ದುದು ಎರಡನೇ ರಾಗಕ್ಕೆ.

"ಚೊಲೊ ಹುಡುಗಿ" ಎಂದರು ನೀಲಕ್ಕ. "ನೀರಿನ ಬಗ್ಗೆ ಕೇಳಿದ್ಲು ನೋಡು."

ಮಂಗಳವಾರದ ತರಗತಿ

ಕ್ಯಾರಲಳ ಪ್ರೊಫೆಸರು ನನ್ನನ್ನು ತರಗತಿಗೆ ಕರೆದಿದ್ದರು. ನೆರೆತ ಕೂದಲಿನ, ಮೆದು ಮಾತಿನ ಮನುಷ್ಯ. ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ವಿದ್ಯಾರ್ಥಿಗಳು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಒಬ್ಬ ಸೇಬು ಕಚ್ಚುತ್ತ ಪ್ರಶ್ನೆ ಕೇಳಿದ. ನಮ್ಮ ಮಾಸ್ತರರು ಇದ್ದಿದ್ದರೆ ಸೇಬೂ ಹೊರಗೆ, ಅವನೂ ಹೊರಗೆ.

ಆ ದಿನದ ಪಾಠ ನಾಟಕದಂತೆ ನಡೆಯಿತು. ಇಬ್ಬರನ್ನು ಎದುರು ಬದುರು ಕೂರಿಸಿದರು. ಒಬ್ಬ ಗಾಯಕ, ಇನ್ನೊಬ್ಬ ಕ್ಯಾಸೆಟ್ ಕಂಪನಿಯವನು. ಕಂಪನಿಯವನು ನಗುನಗುತ್ತ ಕಾಗದ ಮುಂದಿಟ್ಟ, ಗಾಯಕ ಓದದೆ ರುಜು ಹಾಕಿದ. ಪ್ರೊಫೆಸರು ಆ ಕಾಗದ ತೆಗೆದುಕೊಂಡು ಜೋರಾಗಿ ಓದಿದರು. ಗಾಯಕನ ಹೆಸರು ಅಚ್ಚು ಹಾಕಲೇಬೇಕೆಂದಿಲ್ಲ, ಅವನ ದನಿಯನ್ನು ಎಲ್ಲಿ ಬೇಕಾದರೂ, ಯಾರ ಚಿತ್ರದ ಕೆಳಗೆ ಬೇಕಾದರೂ ಮಾರಬಹುದು ಎಂದಿತ್ತು. ತರಗತಿ ಗೊಳ್ಳೆಂದು ನಕ್ಕಿತು. ಮೋಸ ಹೋದ ಹುಡುಗನೂ ನಕ್ಕ. ನಗದೆ ಕೂತವನು ನಾನೊಬ್ಬನೇ.

"ಈಗ ಜಾಗ ಬದಲಿಸಿಕೊಳ್ಳಿ" ಎಂದರು ಪ್ರೊಫೆಸರು. ಕಂಪನಿಯಲ್ಲಿ ಕೆಲಸ ಮಾಡುವವರು ಮೊದಲು ಹಾಡುವವರ ಕುರ್ಚಿಯಲ್ಲಿ ಕೂತು ಏಳಬೇಕು ಎಂಬುದು ಅವರ ಪದ್ಧತಿ.

ಆಮೇಲೆ ನನ್ನತ್ತ ತಿರುಗಿ, ಬೆಳಗಾವಿಯಲ್ಲಿ ಕರಾರು ಹೇಗೆ ಮಾಡುತ್ತೀರಿ ಎಂದರು. ನಾನು ಎದ್ದು ನಿಂತೆ. ಮನೆಗೆ ಹೋಗುತ್ತೇವೆ, ತೆಂಗಿನಕಾಯಿ ಎಲೆಯಡಿಕೆ ಕೊಡುತ್ತೇವೆ, ದಿನ ಹೇಳುತ್ತೇವೆ, ಅವರು ಹೂಂ ಎನ್ನುತ್ತಾರೆ, ಅಷ್ಟೇ ಎಂದೆ. ಎಲ್ಲರೂ ಬರೆದುಕೊಂಡರು. ತೆಂಗಿನಕಾಯಿ ಒಂದೋ ಎರಡೋ ಎಂದು ಸೇಬಿನವನು ಕೇಳಿದ.

"ಅವರು ಮಾತಿಗೆ ತಪ್ಪಿದರೆ?" ಎಂದಿತು ಒಂದು ದನಿ.

"ತಪ್ಪುವುದಿಲ್ಲ" ಎಂದೆ ಹೆಮ್ಮೆಯಿಂದ.

ಮುಂದಿನ ಸಾಲಿನಲ್ಲಿದ್ದ ಕ್ಯಾರಲ್ ತಲೆ ಎತ್ತಿದಳು. "ನೀವು ತಪ್ಪಿದರೆ?"

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಗುರುವಾರ, ಡಾಕ್ಟರ ಮನೆ

ಕ್ಯಾರಲ್ ಕಾಗದ ತಂದಿದ್ದಳು. ಕಛೇರಿಯನ್ನು ಧ್ವನಿಮುದ್ರಿಸಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಬೇಕು, ಅದಕ್ಕೆ ಗಾಯಕಿಯ ಒಪ್ಪಿಗೆ ಪಡೆಯಬೇಕು, ಅದೂ ಪರೀಕ್ಷೆಯ ಭಾಗ. ಡಾಕ್ಟರು ಆಸ್ಪತ್ರೆಗೆ ಹೋಗಿದ್ದರು. ಊಟದ ಮೇಜಿಗೆ ನಾವು ಮೂವರೇ. ಅವಳ ಇಂಗ್ಲಿಷಿಗೂ ನೀಲಕ್ಕನ ಕನ್ನಡಕ್ಕೂ ನಡುವೆ ನಾನು.

ಟೇಪಿನ ಮಾತು ಹೇಳುತ್ತಲೇ ನೀಲಕ್ಕ ಕಾಗದವನ್ನು ದೂರ ಸರಿಸಿದರು. "ಬರದು ತಿಳಸಂತ ಹೇಳಿದ್ನಲ್ಲ? ಟೇಪ್ ಇದ್ರ ನಾ ಹಾಡೂದಿಲ್ಲ."

ಕ್ಯಾರಲಳ ಮುಖ ಬಿಳಿಚಿತು. "ಯಾಕೆ? ನಾನು ಏನಾದರೂ ತಪ್ಪು ಕೇಳಿದೆನೇ? ದಯವಿಟ್ಟು ಹೇಳಿ. ಕಾರಣ ತಿಳಿಯದೆ ಸರಿಪಡಿಸುವುದು ಹೇಗೆ?"

ಹೇಳಿದೆ. ಇಂಗ್ಲಿಷಿನಲ್ಲಿ ಹೇಳುತ್ತಿದ್ದೆನಾದ್ದರಿಂದ ಧೈರ್ಯ ಬಂತೋ ಏನೋ, ಎಲ್ಲವನ್ನೂ ಹೇಳಿದೆ, ಜಾಗ ಮಾಡಿಕೊಟ್ಟವನು ನಾನೇ ಎಂಬುದನ್ನೂ. ಮುಗಿಸಿ ತಲೆ ಎತ್ತಿದರೆ ನೀಲಕ್ಕ ನನ್ನನ್ನೇ ನೋಡುತ್ತಿದ್ದರು.

"ಏನ್ ಹೇಳಿದಿ ಆಕಿಗೆ? ಬೆಳಗಾವಿ ಅಂದಿ. ಕ್ಯಾಸೆಟ್ ಅಂದಿ. ನನಗೂ ಹೇಳು."

ಬೇರೆ ದಾರಿ ಇರಲಿಲ್ಲ. ಅದನ್ನೇ ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು.

"ಆಂವ ನಿನಗೇನ್ ಕೊಟ್ಟ?"

"ಏನಿಲ್ರಿ ಅಕ್ಕಾರ. ಒಂದು ಚಹಾ."

ನೀಲಕ್ಕ ದೂರ ಸರಿಸಿದ್ದ ಕಾಗದದ ಅಂಚನ್ನು ಬೆರಳಿನಿಂದ ನೇರ ಮಾಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನಾ ಮಲ್ಲಪ್ಪ ಅಂತ ತಿಳದಿದ್ದೆ" ಎಂದರು.

"ಅಂದ್ರ?"

"ಅವತ್ತ ಆಂವ ಆ ಟೇಪಿನ ಮನಷ್ಯಾನ ಬಾಜೂಕ ನಿಂತಿದ್ದ. ಆರು ವರ್ಷಾತು ಪದ್ಮಣ್ಣ. ಒಂದ ಮನ್ಯಾಗ ಇದ್ದೀವಿ. ಬೇಕಿದ್ದಷ್ಟ ಅಷ್ಟ ಮಾತಾಡಿದ್ನಿ, ಹೆಚ್ಚಿಗೆ ಒಂದ ಮಾತ ಆಡ್ಲಿಲ್ಲ. ಕಛೇರಿಗೆ ಕರೀಲಿಲ್ಲ. ನೀ ಒಂದ ಮಾತ ಹೇಳಿದ್ರ ಸಾಕಿತ್ತು."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ದನಿ ಕಳುವಾಯಿತು, ಅಷ್ಟೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅಕ್ಕ ತಮ್ಮನ ನಡುವಿನ ಮಾತನ್ನೇ ಕದ್ದೆನೆಂದು ಆವತ್ತು ಗೊತ್ತಾಯಿತು.

ಕ್ಯಾರಲ್ ಹಲಗೆಯನ್ನು ಎದೆಗೆ ಒತ್ತಿ ಹಿಡಿದಳು. "ನನ್ನ ಪಟ್ಟಿಯಲ್ಲಿ ಇದು ಇಲ್ಲ" ಎಂದಳು. ಆಮೇಲೆ ಅಚ್ಚಾದ ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಕೈಯಿಂದ ಬರೆಯತೊಡಗಿದಳು. ಬರೆದು, ಹೊಡೆದು, ಮತ್ತೆ ಬರೆದು, ಹೋಗಿ ಬಾಗಿಲು ತಟ್ಟಿದಳು. ನೀಲಕ್ಕ ತೆರೆದರು. ಅವರು ನೆಲದ ಮೇಲೆ ಕೂತಿದ್ದರಿಂದ ಇವಳೂ ಹೋಗಿ ನೆಲದ ಮೇಲೆ ಕೂತಳು. ನಾನು ಹೊಸ್ತಿಲ ಹೊರಗೆ ನಿಂತು ಅನುವಾದ ಮಾಡಿದೆ.

"ಈಗ ರುಜು ಬೇಡ" ಎಂದಳು. "ಹಾಡಿ. ಹಾಡಿದ ಮೇಲೆ ಟೇಪನ್ನು ನೀವೇ ಕೇಳಿ. ಇರಲಿ ಅನ್ನಿಸಿದರೆ ಆಗ ರುಜು ಹಾಕಿ. ಬೇಡವೆನಿಸಿದರೆ ಟೇಪು ನಿಮ್ಮದು, ತೆಗೆದುಕೊಂಡು ಹೋಗಿ."

"ಹಂಗ ಮಾಡಿದ್ರ ಆಕಿ ಪರೀಕ್ಷಾ?" ಎಂದರು ನೀಲಕ್ಕ.

ಕೇಳಿದೆ. "ಗೊತ್ತಿಲ್ಲ" ಎಂದಳು ಕ್ಯಾರಲ್. ಅವಳ ಕಣ್ಣು ಒದ್ದೆಯಾಗಿತ್ತು.

ನೀಲಕ್ಕ ಅವಳ ಕೈಯಿಂದ ಕಾಗದ ತೆಗೆದುಕೊಂಡು, ತಮಗೆ ಓದಲು ಬಾರದ ಆ ಸಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. "ಮ್ಯಾಲೆ ನನ್ನ ಹೆಸರು ಬರೀಬೇಕಂತ ಹೇಳು. ಹೆಸರಿನ ಕೂಡ ಊರು. ಬೀಡಿ, ಖಾನಾಪುರ ತಾಲೂಕು. ಯಾರರ ನಕಲು ಬೇಕಂದ್ರ ನನ್ನ ಕೇಳಬೇಕು." ಆಮೇಲೆ ನನ್ನತ್ತ ನೋಡದೆ ಸೇರಿಸಿದರು. "ನೀ ಇನ್ನ ನನ್ನ ಮುಂದ ಮಾತಾಡಬ್ಯಾಡ. ಪೇಟಿ ಬಾರಿಸು, ಸಾಕು."

ಶನಿವಾರ, ಮೂರು ಗಂಟೆ

ಎರಡು ದಿನ ಅನುವಾದದ ಹೊರತು ನಾನು ಬಾಯಿ ಬಿಡಲಿಲ್ಲ.

ಕಛೇರಿ ಮಧ್ಯಾಹ್ನ ಮೂರಕ್ಕೆ. ಮೂರೆಂದರೆ ಮೂರೇ. ನಮ್ಮಲ್ಲಿ ಮುಂದಿನ ಸಾಲಿನ ಗಣ್ಯರು ಬರುವವರೆಗೆ ತಂಬೂರಿ ಶ್ರುತಿ ಮಾಡುತ್ತಲೇ ಇರುವುದು ವಾಡಿಕೆ. ಇಲ್ಲಿ ಎರಡೂವರೆಗೆ ಜನ ಹೊರಗಿನ ಕೊಠಡಿಯಲ್ಲಿ ಕೋಟು ಕಳಚಿ ಕೊಟ್ಟು ಬಿಲ್ಲೆ ಪಡೆಯುತ್ತ ಸಾಲಾಗಿ ನಿಂತಿದ್ದರು.

ಒಳಗೆ ನಾವು ಶ್ರುತಿ ಹೊಂದಿಸುತ್ತಿದ್ದೆವು, ಹೊಂದುತ್ತಿರಲಿಲ್ಲ. ತಂತಿ ಏರಿಸಿದರೂ ಇಳಿಸಿದರೂ ಏನೋ ಕೆರೆಯುತ್ತಿತ್ತು. ನೀಲಕ್ಕ ಕಣ್ಣು ಮುಚ್ಚಿ ಕೇಳಿ, ಮೇಲೆ ಮಾಡಿನತ್ತ ಕೈ ತೋರಿಸಿದರು. "ಆ ಪೆಟಗಿ ಬ್ಯಾರೆ ಸುರ ಹಿಡದೈತಿ."

ಸಭಾಂಗಣವನ್ನು ಬೆಚ್ಚಗಿಡುವ ಯಂತ್ರ. ಅದರ ಝೂಂ ಎಂಬ ದನಿ ನಮ್ಮ ಷಡ್ಜಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಪಾತ್ರೆ ತಟ್ಟಿ ತಟ್ಟಿ ಪಳಗಿದ ನನ್ನ ಕಿವಿಗೆ ಅದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಕ್ಯಾರಲಳಿಗೆ ಹೇಳಿದೆ. ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಬೆಳಕು, ಮೈಕು, ನೀರು, ಬೆಂಕಿಯಾದರೆ ಓಡುವ ಬಾಗಿಲು, ಎಲ್ಲ ಇತ್ತು. ಇದೊಂದು ಇರಲಿಲ್ಲ. ಹಿಂದಿನ ಸಾಲಿನಲ್ಲಿ ಪ್ರೊಫೆಸರು ನೋಟು ಪುಸ್ತಕ ಹಿಡಿದು ಕೂತಿದ್ದರು. ಅವಳು ಅವರತ್ತ ನೋಡಿದಳು. ಅವರು ಕನ್ನಡಕ ಒರೆಸಿಕೊಂಡರು. ನನ್ನ ಅಂಗಡಿಯ ಆಳು ಹೀಗೆ ಸಿಕ್ಕಿಬಿದ್ದಿದ್ದರೆ ನಾನು ಓಡಿಹೋಗಿ ಕೈಹಿಡಿಯುತ್ತಿದ್ದೆ. ಈ ಮನುಷ್ಯ ಕನ್ನಡಕ ಒರೆಸುತ್ತಾನಲ್ಲ ಎಂದು ಸಿಟ್ಟು ಬಂತು.

ಕ್ಯಾರಲ್ ಓಡಿದಳು. ಯಂತ್ರದ ಕೋಣೆಯ ಕಾವಲುಗಾರನನ್ನು ಹುಡುಕಿದಳು, ಅವನ ಮೇಲಿನವನಿಗೆ ಫೋನ್ ಮಾಡಿದಳು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಝೂಂ ನಿಂತಿತು. ಆಮೇಲೆ ಬಾಗಿಲಲ್ಲಿ ನಿಂತು, ಕೋಟು ಬಿಚ್ಚಿ ಕೊಟ್ಟವರಿಗೆಲ್ಲ ತಾನೇ ಕೋಟು ವಾಪಸು ಕೊಡುತ್ತ ಹೇಳಿದಳು: "ಇವತ್ತು ಚಳಿಯಲ್ಲಿ ಕೂರಬೇಕು. ಈ ಹಾಡಿಗೆ ನಿಶ್ಶಬ್ದ ಬೇಕು. ಕ್ಷಮಿಸಿ, ಕೋಟು ಹಾಕಿಕೊಳ್ಳಿ." ಯಾರೂ ಗೊಣಗಲಿಲ್ಲ. ಒಬ್ಬ ಮುದುಕಿ ತನ್ನ ಕೈಗವಸು ತೆಗೆದು ಕ್ಯಾರಲಳಿಗೇ ಕೊಟ್ಟಳು.

ಮೂರಕ್ಕೆ ಪರದೆ ಸರಿದಾಗ ಎದುರಿಗೆ ಬರೀ ಕೋಟು, ಮಫ್ಲರು, ಉಣ್ಣೆಯ ಟೋಪಿ. ನೀಲಕ್ಕ ಮಧ್ಯಾಹ್ನದ ರಾಗ ಭೀಮಪಲಾಸಿ ಎತ್ತಿಕೊಂಡರು. ಮೊದಲ ಅರ್ಧ ತಾಸು ನನಗೆ ಒಂದು ಸ್ವರಕ್ಕೂ ಜಾಗ ಬಿಡಲಿಲ್ಲ. ಸಾಮಾನ್ಯವಾಗಿ ಪ್ರತಿ ಆಲಾಪದ ಕೊನೆಗೆ ಉಸಿರು ತೆಗೆದುಕೊಂಡು ನನಗೆ ಬಿಡುವವರು. ನಾನು ನೆರಳಿನಂತೆ ಹಿಂದೆ ಹಿಂದೆ ಬಾರಿಸುತ್ತ ಕೂತೆ. ವೇಗದ ದ್ರುತಕ್ಕೆ ಬಂದಾಗ ಒಂದು ತಾನ ಮೇಲಕ್ಕೆ ಹೋಗಿ, ತಾಳದ ಸಮಕ್ಕೆ ಬಂದು ನಿಂತು, ಅವರು ನನ್ನತ್ತ ತಿರುಗಿ ಅಂಗೈ ಚಾಚಿದರು. ನೀ ಬಾರಿಸು ಎಂದು. ನನ್ನ ಬೆರಳಿಗೆ ಏನು ಬಂತೋ ನೆನಪಿಲ್ಲ. ತಬಲಾದ ಡಾಕ್ಟರು "ವಾಹ್" ಅಂದದ್ದು ಕೇಳಿಸಿತು.

ಸಂಜೆ ಕಿವಿಗೆ ಹಚ್ಚುವ ದೊಡ್ಡ ಬಟ್ಟಲುಗಳಂಥವನ್ನು ಹಾಕಿಕೊಂಡು ನೀಲಕ್ಕ ಪೂರ್ತಿ ಟೇಪು ಕೇಳಿದರು. ಆಮೇಲೆ ಕಾಗದ ಬೇಡಿ, ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ ರುಜು ಹಾಕಿದರು. ಕ್ಯಾರಲ್ ಅವರ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟಳು. "ಅಳಬ್ಯಾಡ ತಂಗಿ. ಚೊಲೊ ಮಾಡಿದಿ" ಎಂದರು ನೀಲಕ್ಕ. ಇದನ್ನು ನಾನು ಅನುವಾದ ಮಾಡಲಿಲ್ಲ.

ಸೋಮವಾರ

ಹೊರಡುವ ದಿನ ಪ್ರೊಫೆಸರನ್ನು ಕಂಡು ಸಿಟ್ಟಿನ ಮಾತು ಕೇಳಿಯೇಬಿಟ್ಟೆ: ಅವಳು ನಿಮ್ಮತ್ತ ನೋಡಿದಾಗ ಯಾಕೆ ಏಳಲಿಲ್ಲ?

"ಮುಂದಿನ ವರ್ಷ ಅವಳು ಎಲ್ಲೋ ಕೆಲಸದಲ್ಲಿರುತ್ತಾಳೆ. ಹಿಂದಿನ ಸಾಲಿನಲ್ಲಿ ನಾನಿರುವುದಿಲ್ಲ" ಎಂದರು. ಆ ಕಾಗದದ ಬಗ್ಗೆ ಕೇಳಿದೆ. ರುಜುವಿಲ್ಲದೆ ಧ್ವನಿಮುದ್ರಿಸಿದ್ದು ಪುಸ್ತಕದ ಪ್ರಕಾರ ತಪ್ಪು, ಅಂಕ ಕಡಿಮೆ ಮಾಡಿದ್ದೇನೆ ಎಂದರು. ನನ್ನ ಮುಖ ನೋಡಿ ನಕ್ಕು, "ಅಂಕ ಕೊಡುವವನಾಗಿ ಕಡಿಮೆ ಮಾಡಿದೆ. ಕೆಲಸ ಕೊಡುವವನಾಗಿದ್ದರೆ ಅವಳನ್ನೇ ಕರೆಯುತ್ತಿದ್ದೆ" ಎಂದರು.

ಮರುವರ್ಷ ಅವಳ ಕಾಗದ ಬಂತು. ದೊಡ್ಡ ಊರೊಂದರ ಕಚೇರಿಯಲ್ಲಿ, ಹಾಡುವವರ ಪರವಾಗಿ ಕರಾರು ಓದಿ ಹೇಳುವ ಕೆಲಸ. ಸಂದರ್ಶನದಲ್ಲಿ ಅನುಭವ ಕೇಳಿದರಂತೆ. ಓದಿದ ಪುಸ್ತಕಗಳ ಹೆಸರು ಹೇಳಿದಾಗ ಅವರು ಸುಮ್ಮನೆ ತಲೆಯಾಡಿಸಿದರು, ಕೋಟಿನ ಕಥೆ ಹೇಳಿದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡರು ಎಂದು ಬರೆದಿದ್ದಳು. "ಪುಸ್ತಕ ಓದಿರದಿದ್ದರೆ ಆ ಕಾಗದದ ಹಿಂಬದಿಯಲ್ಲಿ ಏನು ಬರೆಯಬೇಕೆಂದೂ ತಿಳಿಯುತ್ತಿರಲಿಲ್ಲ" ಎಂದೂ ಸೇರಿಸಿದ್ದಳು. ಆ ಹೊತ್ತಿಗೆ ನಮ್ಮ ಸಂಘವೂ ಅರ್ಧ ಪುಟದ ಒಂದು ಕನ್ನಡ ಕಾಗದ ಮಾಡಿಕೊಂಡಿತ್ತು. ಈಗಲೂ ತೆಂಗಿನಕಾಯಿ ಕೊಡುತ್ತೇವೆ, ಜೊತೆಗೆ ಅದನ್ನೂ ಕೊಟ್ಟು, ಓದಿ ಹೇಳುತ್ತೇವೆ.

ಬೀಡಿ

ಬೆಳಗಾವಿಗೆ ಬಂದ ಮರುದಿನ ನೀಲಕ್ಕನನ್ನು ಮನೆ ಮುಟ್ಟಿಸಲು ನಾನೂ ಹೋದೆ. ಬೇಡವೆನ್ನಲಿಲ್ಲ ಅವರು. ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಬಸ್ಸು ಇಳಿಯುವಾಗ ಮಲ್ಲಪ್ಪ ನಿಂತಿದ್ದರು. ಐವತ್ತರ ಗಟ್ಟಿ ಆಳು, ತಲೆಗೆ ರುಮಾಲು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತೊಡನೆ ನಾನು ಜೋಡಿಸಿದ್ದನ್ನೆಲ್ಲ ಮರೆತು, "ಮಲ್ಲಪ್ಪಣ್ಣ, ಆ ಕ್ಯಾಸೆಟ್ ಕೊಟ್ಟಾಂವ ನಾನ ರೀ" ಎಂದುಬಿಟ್ಟೆ.

ಅವರಿಗೆ ತಿಳಿಯಲಿಲ್ಲ. ಅಕ್ಕನ ಮುಖ ನೋಡಿದರು. ನೀಲಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ನಾ ಅದು ನಿಂದ ಕೆಲಸ ಅಂತ ತಿಳದಿದ್ನೋ ಮಲ್ಲು. ಅದಕ್ಕ ನಿನ್ನ ಕಛೇರಿಗೆ ಕರೀಲಿಲ್ಲ. ತಪ್ಪಾತು" ಎಂದರು.

ಮಲ್ಲಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದಕ್ಕಾ?" ಎಂದರು ಕೊನೆಗೆ. "ನಾ ಸೇದೂ ಚುಟ್ಟಾದ ವಾಸನಿ ಬಸ್ಸಿನ್ಯಾಗ ನಿನಗ ತಾಳವಲ್ದು, ಗಂಟಲಾ ಕೆಡತೈತಿ ಅಂತ ನನ್ನ ಬಿಟ್ಟೀದಿ ಅಂತ ತಿಳಕೊಂಡಿದ್ದೆ."

"ಯಾವ ಚುಟ್ಟಾ? ನೀ ಸೇದೂದ ನಾ ನೋಡೇ ಇಲ್ಲಲ್ಲ ಇತ್ತಿತ್ಲಾಗ."

"ಬಿಟ್ನೆಲ್ಲ! ಆರು ವರ್ಷಾತು. ಒಂದಿನ ಮತ್ತ ಕರೀತಿ ಅಂತ."

ನೀಲಕ್ಕ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಾರೆಂದು ನಾನು ಗಾಬರಿಯಾದೆ. ನಗುತ್ತಿದ್ದರು. ನಕ್ಕು ನಕ್ಕು ಕಂಬಕ್ಕೆ ಒರಗಿದರು, ಕಣ್ಣಲ್ಲಿ ನೀರು ಬಂತು, ಅದು ಯಾವುದರ ನೀರೋ ಹೇಳಲಾರೆ. ಮಲ್ಲಪ್ಪ ಮಾತ್ರ ಗಂಭೀರವಾಗಿ ಕೇಳಿದರು: "ಹಂಗಾದ್ರ ಈಗ ಒಂದು ಸೇದಬಹುದೇನು?"

"ಸೇದ್ತಿದ್ರ ಸೇದು. ತಂಬೂರಿ ಬ್ಯಾರೆಯವ್ರ ಹೊರ್ತಾರ."

ಮಲ್ಲಪ್ಪ ಎದ್ದರು. ಬಾಗಿಲ ಬಳಿ ಒರಗಿಸಿದ್ದ ತಂಬೂರಿಯನ್ನು ಎರಡೂ ಕೈಯಿಂದ ಎತ್ತಿ, ಹೆಗಲಿಗೆ ಸರಿಪಡಿಸಿಕೊಂಡು ಒಳಗೆ ನಡೆದರು.